ಎ520 ಬೋರ್ಡಿಗೆ ಎಆರ್‌ಜಿಬಿ ಫ್ಯಾನ್ ಹೊಂದುತ್ತದೆಯೇ? ಕಡಿಮೆ ಬಜೆಟ್ಟಿನ ಪಿಸಿಗೆ ಫ್ಯಾನ್ ಮತ್ತು ಮದರ್‌ಬೋರ್ಡ್ ಆಯ್ಕೆ

ಹೊಸಜೋಡಣೆ:
ಎಲ್ಲರಿಗೂ ನಮಸ್ಕಾರ. ಬಿಡಿಭಾಗಗಳನ್ನು ಕೊಂಡು ಮೊದಲ ಬಾರಿಗೆ ನಾನೇ ಒಂದು ಕಂಪ್ಯೂಟರ್ ಜೋಡಿಸಬೇಕೆಂದಿದ್ದೇನೆ. ಪ್ರೊಸೆಸರ್ ರೈಜನ್ 5 5600ಜಿ ಎಂದು ತೀರ್ಮಾನವಾಗಿದೆ. ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ; ಮುಂದೆ ಅನುಕೂಲವಾದಾಗ ಮಧ್ಯಮ ದರ್ಜೆಯದೊಂದನ್ನು ಸೇರಿಸುವ ಯೋಚನೆಯಿದೆ. ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಜಾಲರಿ, ಪಕ್ಕಕ್ಕೆ ಗಾಜು. ಹಿಂದೆ ಒಂದು ಸಾದಾ ಫ್ಯಾನನ್ನು ಕೂಡಿಸಿಯೇ ಕೊಡುತ್ತಾರೆ, ಮುಂದಿನ ಮೂರು ಜಾಗಗಳು ಖಾಲಿ ಇವೆ. ಆ ಜಾಗಕ್ಕೆ ದೀಪವಿರುವ 120 ಮಿಲಿಮೀಟರಿನ ಮೂರು ಫ್ಯಾನುಗಳ ಸೆಟ್ ಒಂದನ್ನು ನೋಡಿಟ್ಟಿದ್ದೇನೆ. ಅದರ ಪೆಟ್ಟಿಗೆಯ ಮೇಲೆ "ಎಆರ್‌ಜಿಬಿ, 5 ವೋಲ್ಟ್, 3 ಪಿನ್" ಎಂದು ಒಂದು ಕಡೆಯೂ "ಪಿಡಬ್ಲ್ಯೂಎಂ, 4 ಪಿನ್" (ಫ್ಯಾನಿನ ವೇಗವನ್ನು ಸಂಕೇತದಿಂದ ನಿಯಂತ್ರಿಸುವ ಬಗೆ) ಎಂದು ಇನ್ನೊಂದು ಕಡೆಯೂ ಇದೆ.

ತೊಡಕಿರುವುದು ಮದರ್‌ಬೋರ್ಡಿನ ವಿಷಯದಲ್ಲಿ. ನನ್ನ ಬಜೆಟ್ಟಿಗೆ ಹೊಂದುವ ಎ520 ಚಿಪ್‌ಸೆಟ್ಟಿನ (ಬೋರ್ಡಿನ ಮುಖ್ಯ ನಿಯಂತ್ರಣ ಚಿಪ್) ಮೈಕ್ರೋ ಎಟಿಎಕ್ಸ್ ಅಳತೆಯ ಬೋರ್ಡಿನಲ್ಲಿ ಪ್ರೊಸೆಸರ್ ಫ್ಯಾನಿಗೆ ಒಂದು ಹೆಡರ್ (ತಂತಿ ಸಿಕ್ಕಿಸುವ ಪಿನ್ನುಗಳ ಜಾಗ), ಕ್ಯಾಬಿನೆಟ್ ಫ್ಯಾನಿಗೆ ಒಂದು ಹೆಡರ್, ದೀಪಕ್ಕೆ ನಾಲ್ಕು ಪಿನ್ನಿನ "ಆರ್‌ಜಿಬಿ" ಹೆಡರ್ ಒಂದು, ಇಷ್ಟೇ ಇವೆ. ಬಿ550 ಬೋರ್ಡಿಗೆ ಹೋದರೆ ಎಲ್ಲ ಬಗೆಯ ಹೆಡರುಗಳೂ ಸಿಗುತ್ತವೆ, ಆದರೆ ಆ ವ್ಯತ್ಯಾಸವನ್ನು ತುಂಬಿಸಲು ರ್ಯಾಮನ್ನು 16 ಜಿಬಿಯಿಂದ 8 ಜಿಬಿಗೆ ಇಳಿಸಬೇಕಾಗುತ್ತದೆ. ನನ್ನ ಪ್ರಶ್ನೆ ಇಷ್ಟೇ: ಈ ಫ್ಯಾನುಗಳು ಎ520 ಬೋರ್ಡಿನಲ್ಲಿ ಕೆಲಸ ಮಾಡುತ್ತವೆಯೇ, ಇಲ್ಲವೇ ದೀಪಕ್ಕಾಗಿ ಬೋರ್ಡನ್ನೇ ಬದಲಿಸುವುದು ಅನಿವಾರ್ಯವೇ?

ತಂತಿಜಾಲ:
ಮೂರು ಪಿನ್ನಿನ ದೀಪದ ಕನೆಕ್ಟರನ್ನು ಆ ನಾಲ್ಕು ಪಿನ್ನಿನ ಹೆಡರಿಗೆ ಯಾವ ಕಾರಣಕ್ಕೂ ಹಾಕಬೇಡಿ. ಮಿಕ್ಕ ವಿಷಯವನ್ನು ಆಮೇಲೆ ಮಾತಾಡೋಣ.

ಐದುವೋಲ್ಟ್:
ತಂತಿಜಾಲ ಅವರು ಹೇಳಿದ್ದಕ್ಕೆ ಕಾರಣವನ್ನೂ ಸೇರಿಸುತ್ತೇನೆ, ಏಕೆಂದರೆ ಕಾರಣ ಗೊತ್ತಿದ್ದರೆ ಮುಂದೆ ಯಾವ ಬೋರ್ಡ್ ಎದುರಾದರೂ ನೀವೇ ನಿರ್ಧರಿಸಬಹುದು.

ಸಾದಾ ಆರ್‌ಜಿಬಿ ಹೆಡರಿನಲ್ಲಿ ನಾಲ್ಕು ಪಿನ್ನುಗಳಿರುತ್ತವೆ: ಒಂದರಲ್ಲಿ 12 ವೋಲ್ಟ್, ಉಳಿದ ಮೂರರಲ್ಲಿ ಹಸಿರು, ಕೆಂಪು, ನೀಲಿ ಬಣ್ಣಗಳ ದಾರಿ. ಆ ತಂತಿಗೆ ಸೇರಿದ ಎಲ್ಲ ದೀಪಗಳೂ ಒಂದೇ ಹೊತ್ತಿಗೆ ಒಂದೇ ಬಣ್ಣವನ್ನು ತೋರಿಸುತ್ತವೆ. ಎಆರ್‌ಜಿಬಿಯಲ್ಲಿ ಮೂರೇ ಪಿನ್ನುಗಳು: 5 ವೋಲ್ಟ್, ಡೇಟಾ, ಗ್ರೌಂಡ್. ಇಲ್ಲಿ ಪ್ರತಿಯೊಂದು ಎಲ್‌ಇಡಿಯೊಳಗೂ ಒಂದು ಪುಟ್ಟ ಚಿಪ್ ಕುಳಿತಿರುತ್ತದೆ. ಡೇಟಾ ತಂತಿಯಲ್ಲಿ ಬರುವ ಸಂಕೇತದಿಂದ ತನ್ನ ಪಾಲಿನ 24 ಬಿಟ್ಟುಗಳನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಿನ ಎಲ್‌ಇಡಿಗೆ ದಾಟಿಸುತ್ತದೆ. ಬಣ್ಣಗಳು ಫ್ಯಾನಿನ ಸುತ್ತ ಓಡುವಂತೆ ಕಾಣುವುದು ಈ ಏರ್ಪಾಟಿನಿಂದ. ಆ ಚಿಪ್ಪುಗಳು 5 ವೋಲ್ಟಿಗಾಗಿ ಮಾಡಿದವು, 12 ವೋಲ್ಟ್ ಬಿದ್ದ ಕೂಡಲೇ ಸುಟ್ಟುಹೋಗುತ್ತವೆ.

ಎರಡೂ ಹೆಡರುಗಳ ಅಗಲ ಹೆಚ್ಚುಕಡಿಮೆ ಒಂದೇ ಆಗಿರುವುದೇ ಅಪಾಯದ ಮೂಲ. ಎಆರ್‌ಜಿಬಿ ಹೆಡರನ್ನು ಹತ್ತಿರದಿಂದ ನೋಡಿದರೆ ನಾಲ್ಕು ಪಿನ್ನಿನ ಜಾಗದಲ್ಲಿ ಮೂರನೆಯದು ಇರುವುದಿಲ್ಲ, ಅಂದರೆ ಎರಡು ಪಿನ್, ಒಂದು ಖಾಲಿ ಜಾಗ, ಮತ್ತೊಂದು ಪಿನ್. ಕನೆಕ್ಟರಿನಲ್ಲಿ ಆ ಖಾಲಿ ಜಾಗಕ್ಕೆ ಸರಿಯಾದ ತೂತು ಮುಚ್ಚಿರುತ್ತದೆ, ಆದ್ದರಿಂದ ಸಾಮಾನ್ಯವಾಗಿ ಅದು ನಾಲ್ಕು ಪಿನ್ನಿಗೆ ಇಳಿಯುವುದಿಲ್ಲ. ಆದರೆ ಅಗ್ಗದ ಕವಲು ಕೇಬಲ್ಲುಗಳಲ್ಲಿ ಆ ತೂತನ್ನು ಮುಚ್ಚದೆ ಬಿಟ್ಟಿರುವುದನ್ನು ನಾನು ಕಂಡಿದ್ದೇನೆ. ಒತ್ತಿದರೆ ಕೂರುತ್ತದೆ ಎಂಬುದು ಹೊಂದುತ್ತದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ರಾತ್ರಿಪಾಳಿ:
ಒಪ್ಪುತ್ತೇನೆ. ಹೊಸಬರನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿಯೂ ಇದೆ. ಫ್ಯಾನಿನ ನಡುವಿನ ಗುಂಡನೆಯ ಸ್ಟಿಕರಿನ ಮೇಲೆ "ಡಿಸಿ 12 ವೋಲ್ಟ್, 0.18 ಆಂಪಿಯರ್" ಎಂಬಂಥ ಸಾಲು ಇರುತ್ತದೆ. ಅದು ಮೋಟಾರಿಗೆ ಸಂಬಂಧಿಸಿದ್ದು, ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಟಿಕರನ್ನು ಓದಿ, ಈ ಫ್ಯಾನ್ 12 ವೋಲ್ಟಿನದು, ಬೋರ್ಡಿನ ದೀಪದ ಹೆಡರೂ 12 ವೋಲ್ಟಿನದು, ಎರಡಕ್ಕೂ ತಾಳೆಯಾಯಿತು ಎಂದು ಲೆಕ್ಕ ಹಾಕಿದ ನನ್ನ ಪರಿಚಿತರೊಬ್ಬರು ಕವಲು ಕೇಬಲ್ಲಿನ ಮೂಲಕ ಜೋಡಿಸಿಬಿಟ್ಟರು. ಮೂರೂ ಫ್ಯಾನುಗಳು ಇಂದಿಗೂ ಚೆನ್ನಾಗಿ ತಿರುಗುತ್ತಿವೆ, ಆದರೆ ಒಂದರಲ್ಲೂ ದೀಪವಿಲ್ಲ. ಇಂತಹ ಫ್ಯಾನಿನಿಂದ ಎರಡು ಬೇರೆ ಬೇರೆ ತಂತಿಗಳು ಹೊರಡುತ್ತವೆ. ಒಂದು ತಿರುಗುವುದಕ್ಕೆ, ಇನ್ನೊಂದು ಬೆಳಗುವುದಕ್ಕೆ. ಎರಡನ್ನೂ ಬೇರೆ ಬೇರೆ ಸಾಧನಗಳೆಂದೇ ಭಾವಿಸಿ ಯೋಜನೆ ಮಾಡಿ.

ಬೋರ್ಡುಪ್ರಿಯ:
ಇಷ್ಟೆಲ್ಲ ತಲೆನೋವು ಏಕೆ? ಬಿ550 ತೆಗೆದುಕೊಳ್ಳಿ. ಎರಡೋ ಮೂರೋ ಫ್ಯಾನ್ ಹೆಡರುಗಳು, 5 ವೋಲ್ಟಿನ ದೀಪದ ಹೆಡರು, ಜೊತೆಗೆ ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ವಿಆರ್‌ಎಂ ಮೇಲೆ ಶಾಖ ಹೀರುವ ಲೋಹದ ಹೊದಿಕೆ, ಇವೆಲ್ಲ ಒಟ್ಟಿಗೆ ಸಿಗುತ್ತವೆ. ರ್ಯಾಮನ್ನು ಯಾವಾಗ ಬೇಕಾದರೂ ಸೇರಿಸಬಹುದು. ಬೋರ್ಡನ್ನು ಬದಲಿಸಬೇಕೆಂದರೆ ಇಡೀ ಕಂಪ್ಯೂಟರನ್ನೇ ಬಿಚ್ಚಬೇಕು. ಒಮ್ಮೆ ಹಾಕಿದ ಮೇಲೆ ವರ್ಷಗಟ್ಟಲೆ ಕೈಹಾಕದ ಭಾಗಕ್ಕೆ ಮೊದಲು ಖರ್ಚು ಮಾಡುವುದೇ ವಿವೇಕ.

ಜೋಡಿಚಾನೆಲ್:
ಬೋರ್ಡುಪ್ರಿಯ ಅವರ ಸಾಮಾನ್ಯ ನಿಯಮವನ್ನು ನಾನೂ ಒಪ್ಪುತ್ತೇನೆ, ಆದರೆ ಈ ಜೋಡಣೆಗೆ ಅದು ಹೊಂದುವುದಿಲ್ಲ. 5600ಜಿ ಪ್ರೊಸೆಸರಿನ ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇದೆ, ಅದಕ್ಕೆ ತನ್ನದೇ ಆದ ಮೆಮೊರಿ ಇಲ್ಲ, ಅದು ಬಳಸುವುದು ಬೋರ್ಡಿನ ಮೇಲಿನ ಡಿಡಿಆರ್4 ರ್ಯಾಮನ್ನೇ. ಒಂದೇ ಒಂದು 8 ಜಿಬಿ ರ್ಯಾಮ್ ಹಾಕಿದರೆ ಮೆಮೊರಿಯ ಎರಡು ಚಾನೆಲ್ಲುಗಳಲ್ಲಿ (ಡೇಟಾ ಸಾಗುವ ದಾರಿಗಳಲ್ಲಿ) ಒಂದು ಖಾಲಿ ಉಳಿದು, ಮೆಮೊರಿಯ ವೇಗ ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧವನ್ನೂ ಗ್ರಾಫಿಕ್ಸ್ ಮತ್ತು ಪ್ರೊಸೆಸರ್ ಹಂಚಿಕೊಳ್ಳಬೇಕು. ಮೇಲಾಗಿ ಆ 8 ಜಿಬಿಯಲ್ಲಿ ಒಂದು ಪಾಲನ್ನು ಗ್ರಾಫಿಕ್ಸಿಗಾಗಿ ತೆಗೆದಿಟ್ಟ ಮೇಲೆ ವಿಂಡೋಸ್ ಮತ್ತು ಬ್ರೌಸರಿಗೆ ಉಳಿಯುವುದು ಎಷ್ಟು? ಗ್ರಾಫಿಕ್ಸ್ ಕಾರ್ಡ್ ಬರುವವರೆಗೂ ಈ ಯಂತ್ರದ ಉಸಿರು ನಿಂತಿರುವುದು 8 ಜಿಬಿಯ ಎರಡು ರ್ಯಾಮುಗಳ ಮೇಲೆ. ದೀಪದ ಹೆಡರಿಗಾಗಿ ಅದನ್ನು ಬಿಟ್ಟುಕೊಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಬಿ550 ಬೋರ್ಡಿನ ದೊಡ್ಡ ಆಕರ್ಷಣೆಯಾದ ಪಿಸಿಐಇ 4.0 (ಗ್ರಾಫಿಕ್ಸ್ ಕಾರ್ಡ್ ಮೊದಲಾದವುಗಳನ್ನು ಜೋಡಿಸುವ ದಾರಿಯ ಹೆಚ್ಚು ವೇಗದ ಪೀಳಿಗೆ) ಕೂಡ ಇಲ್ಲಿ ದಕ್ಕುವುದಿಲ್ಲ. 5600ಜಿ ಪ್ರೊಸೆಸರಿನಲ್ಲಿರುವುದು ಪಿಸಿಐಇ 3.0 ಮಾತ್ರ, ಬೋರ್ಡ್ ಯಾವುದಾದರೂ ಅಷ್ಟೇ.

ಬೋರ್ಡುಪ್ರಿಯ:
ಇಂದಿನ ಪ್ರೊಸೆಸರಿಗೆ ದಕ್ಕದು, ಸರಿ. ನಾಳೆ ಅವರು ಇದೇ ಎಎಂ4 ಸಾಕೆಟ್ಟಿನಲ್ಲಿ 5700ಎಕ್ಸ್3ಡಿಯಂಥ ಪ್ರೊಸೆಸರಿಗೆ ಹೋದರೆ? ಅದು 105 ವಾಟ್ ವರ್ಗದ್ದು. ಹೊದಿಕೆಯಿಲ್ಲದ ವಿಆರ್‌ಎಂ ಇರುವ ಎ520 ಬೋರ್ಡಿಗೆ ಅದನ್ನು ಹಾಕಲು ನಾನು ಹಿಂಜರಿಯುತ್ತೇನೆ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲೂ ಯೋಚಿಸಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಡಿಮೆ ಬೆಲೆಯ ಕಾರ್ಡುಗಳಿಗೆ ನಾಲ್ಕೇ ಪಿಸಿಐಇ ಲೇನುಗಳಿವೆ (ಡೇಟಾ ಸಾಗುವ ದಾರಿಗಳು), ಪಿಸಿಐಇ 3.0 ಬೋರ್ಡಿನಲ್ಲಿ ಅವು ಕಣ್ಣಿಗೆ ಕಾಣುವಷ್ಟು ಹಿಂದೆ ಬೀಳುತ್ತವೆ. ಬಜೆಟ್ ಎಂದರೆ ಇವತ್ತಿನ ಬಜೆಟ್ ಮಾತ್ರವಲ್ಲ.

ಜೋಡಿಚಾನೆಲ್:
ಅದು ನ್ಯಾಯವಾದ ವಾದ, ಒಪ್ಪಿದೆ. ಆದರೆ ಅದು ವಿಆರ್‌ಎಂ ಮತ್ತು ಲೇನುಗಳ ವಾದ, ದೀಪದ್ದಲ್ಲ. ಮುಂದೆ ಪ್ರೊಸೆಸರ್ ಬದಲಿಸುವ ಗಟ್ಟಿ ಉದ್ದೇಶ ಇದ್ದರೆ ಬಿ550 ತೆಗೆದುಕೊಳ್ಳಲಿ. ಫ್ಯಾನಿನಲ್ಲಿ ಬಣ್ಣ ಬರಲಿ ಎಂಬ ಒಂದೇ ಕಾರಣಕ್ಕೆ ತೆಗೆದುಕೊಳ್ಳಬೇಕಾಗಿಲ್ಲ, ಏಕೆಂದರೆ ಆ ಬಣ್ಣವನ್ನು ಬೋರ್ಡಿನ ಹಂಗಿಲ್ಲದೆ ತರಬಹುದು.

ಹೊಸಜೋಡಣೆ:
ಇಬ್ಬರಿಗೂ ಧನ್ಯವಾದ. ಮುಂದಿನ ಕೆಲವು ವರ್ಷ ಪ್ರೊಸೆಸರ್ ಬದಲಿಸುವ ಉದ್ದೇಶ ನನಗಿಲ್ಲ. "ಬೋರ್ಡಿನ ಹಂಗಿಲ್ಲದೆ" ಎಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುವಿರಾ? ದೀಪಕ್ಕೆ ಸಂಕೇತ ಕಳಿಸುವವರು ಯಾರು? 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಅಡಾಪ್ಟರ್ ಒಂದು ಇದೆಯೆಂದೂ ಕೇಳಿದ್ದೇನೆ.

ಹಬ್ಬುಹಬ್ಬು:
ಅಡಾಪ್ಟರಿನ ಮಾತನ್ನು ಮೊದಲು ಮುಗಿಸೋಣ. ವೋಲ್ಟೇಜನ್ನು ಇಳಿಸಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ, ಏಕೆಂದರೆ ನಾಲ್ಕು ಪಿನ್ನಿನ ಹೆಡರಿನಲ್ಲಿ ಡೇಟಾ ಎಂಬುದೇ ಇಲ್ಲ. ಒಳಗೆ ಚಿಪ್ ಇಟ್ಟು ಮೂರು ಬಣ್ಣದ ದಾರಿಗಳನ್ನು ಓದಿ ಡೇಟಾ ಸಂಕೇತವನ್ನಾಗಿ ಪರಿವರ್ತಿಸುವ ಅಡಾಪ್ಟರುಗಳು ಇವೆ, ನಿಜ. ಆದರೆ ಒಳಬರುವುದೇ ಒಂದು ಬಣ್ಣವಾದ್ದರಿಂದ ಹೊರಬರುವುದೂ ಒಂದೇ ಬಣ್ಣ. ಎಆರ್‌ಜಿಬಿ ಫ್ಯಾನ್ ಕೊಂಡು ಅದನ್ನು ಸಾದಾ ಆರ್‌ಜಿಬಿಯಂತೆ ಬಳಸಿದ ಹಾಗಾಗುತ್ತದೆ.

ನಿಮಗೆ ಬೇಕಾಗಿರುವುದು ಸ್ವಂತ ಕಂಟ್ರೋಲರ್ ಇರುವ ಹಬ್. ಅದು ಚಿಕ್ಕದೊಂದು ಡಬ್ಬಿ. ಒಂದು ಬದಿಯಲ್ಲಿ ಎಸ್‌ಎಂಪಿಎಸ್‌ನಿಂದ (ಇಡೀ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಬರುವ ಸಾಟಾ ವಿದ್ಯುತ್ ಕನೆಕ್ಟರ್ ಕೂರುತ್ತದೆ, ಅದರಲ್ಲಿ 12 ವೋಲ್ಟೂ ಇದೆ, 5 ವೋಲ್ಟೂ ಇದೆ. ಇನ್ನೊಂದು ಬದಿಯಲ್ಲಿ ನಾಲ್ಕು ಪಿನ್ನಿನ ಫ್ಯಾನ್ ಹೆಡರುಗಳ ಸಾಲು, ಅದರ ಪಕ್ಕದಲ್ಲಿ ಮೂರು ಪಿನ್ನಿನ ದೀಪದ ಹೆಡರುಗಳ ಸಾಲು. ಹೊರಗೆ ಬರುವ ಎರಡು ತಂತಿಗಳಲ್ಲಿ ಒಂದು ಬೋರ್ಡಿನ ಕ್ಯಾಬಿನೆಟ್ ಫ್ಯಾನ್ ಹೆಡರಿಗೆ ಹೋಗುತ್ತದೆ, ಮತ್ತೊಂದು ಕ್ಯಾಬಿನೆಟ್ಟಿನ ರೀಸೆಟ್ ಗುಂಡಿಗೆ. ಮೊದಲನೆಯದರ ಮೂಲಕ ಬೋರ್ಡ್ ವೇಗದ ಆಜ್ಞೆಯನ್ನಷ್ಟೇ ಕಳಿಸುತ್ತದೆ, ವಿದ್ಯುತ್ತನ್ನು ಹಬ್ ಎಸ್‌ಎಂಪಿಎಸ್‌ನಿಂದ ಪಡೆಯುತ್ತದೆ. ಹೀಗೆ ಒಂದೇ ಹೆಡರಿನಿಂದ ಮುಂದಿನ ಮೂರು ಮತ್ತು ಹಿಂದಿನ ಒಂದು, ಒಟ್ಟು ನಾಲ್ಕು ಫ್ಯಾನುಗಳನ್ನು ನಿಯಂತ್ರಿಸಬಹುದು. ಎರಡನೆಯದು ಬಲು ಉಪಯುಕ್ತ: ಕ್ಯಾಬಿನೆಟ್ಟಿನ ಮುಖದ ಮೇಲಿರುವ ರೀಸೆಟ್ ಗುಂಡಿಯ ತಂತಿಯನ್ನು ಬೋರ್ಡಿಗೆ ಕೊಡುವ ಬದಲು ಈ ಹಬ್ಬಿಗೆ ಕೊಟ್ಟರೆ, ಗುಂಡಿ ಒತ್ತಿದಾಗಲೆಲ್ಲ ದೀಪದ ಮಾದರಿ ಬದಲಾಗುತ್ತದೆ. ಒತ್ತಿ ಹಿಡಿದರೆ ಹಲವು ಹಬ್ಬುಗಳಲ್ಲಿ ದೀಪ ಆರುತ್ತದೆ. ಯಾವ ಸಾಫ್ಟ್‌ವೇರೂ ಬೇಡ, ಬೋರ್ಡಿನಲ್ಲಿ ದೀಪದ ಹೆಡರೂ ಬೇಡ. ಇಂಥ ಹಬ್ಬಿನಲ್ಲಿ 5 ವೋಲ್ಟಿನ ಒಳಬರುವ ಕನೆಕ್ಟರೂ ಇದ್ದರೆ, ಮುಂದೊಂದು ದಿನ ಬೋರ್ಡ್ ಬದಲಿಸಿದಾಗ ದೀಪವನ್ನು ಅದರ ವಶಕ್ಕೆ ಕೊಡಬಹುದು.

ಮಂದಬೆಳಕು:
ರೀಸೆಟ್ ಗುಂಡಿಯ ಉಪಾಯವನ್ನು ನಾನೂ ಬಳಸುತ್ತಿದ್ದೇನೆ. ಮಲಗುವ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟವರಿಗೆ ದೀಪ ಆರಿಸುವ ಗುಂಡಿ ಕೈಗೆಟಕುವ ಹಾಗಿರುವುದು ದೊಡ್ಡ ಅನುಕೂಲ.

ತಂತಿಜಾಲ:
ಹಬ್ ಕೊಳ್ಳುವಾಗ ಒಂದು ವಿಷಯವನ್ನು ಗಮನಿಸಿ. "ಹಬ್" ಎಂಬ ಹೆಸರಿನಲ್ಲಿ ಮಾರುವವುಗಳಲ್ಲಿ ಕೆಲವಕ್ಕೆ ಸ್ವಂತ ಕಂಟ್ರೋಲರ್ ಇರುವುದಿಲ್ಲ, ಅವು ಬೋರ್ಡಿನಿಂದ ಬಂದ ಡೇಟಾವನ್ನು ಕವಲೊಡೆಸುತ್ತವೆ ಅಷ್ಟೇ. ಎ520 ಬೋರ್ಡಿನಲ್ಲಿ 5 ವೋಲ್ಟಿನ ಹೆಡರ್ ಇಲ್ಲದಿದ್ದರೆ ಅಂಥ ಹಬ್ಬಿನಿಂದ ಏನೂ ಪ್ರಯೋಜನವಿಲ್ಲ. ಇನ್ನು ಕೆಲವು ಹಬ್ಬುಗಳಿಗೆ ಬೋರ್ಡಿನ ಒಳಗಿನ ಯುಎಸ್‌ಬಿ 2.0 ಹೆಡರ್ ಬೇಕು. ಒಂದೇ ಹೆಡರ್ ಇದ್ದು ಅದನ್ನು ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಪೋರ್ಟುಗಳು ಹಿಡಿದುಕೊಂಡಿದ್ದರೆ ಮತ್ತೊಂದು ತೊಡಕು ಎದುರಾಗುತ್ತದೆ. ಗುಂಡಿ ಅಥವಾ ರಿಮೋಟ್ ಇದೆಯೇ ಎಂದು ಚಿತ್ರದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿಯಿರಿ.

ಸದ್ದಿಲ್ಲದಪೆಟ್ಟಿಗೆ:
ರಿಮೋಟ್ ಎಂದ ಕೂಡಲೇ ನಾನು ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಮೂರು ಅಥವಾ ಐದು ಫ್ಯಾನ್, ಒಂದು ಹಬ್, ಒಂದು ರಿಮೋಟ್ ಎಲ್ಲ ಸೇರಿ ಬಹಳ ಅಗ್ಗಕ್ಕೆ ಸಿಗುವ ಕಟ್ಟುಗಳಲ್ಲಿ ಅನೇಕವು ಆರು ಪಿನ್ನಿನ ಕನೆಕ್ಟರಿನವು. ಮೋಟಾರಿನ ತಂತಿಯನ್ನೂ ದೀಪದ ತಂತಿಯನ್ನೂ ಒಂದೇ ಕನೆಕ್ಟರಿನಲ್ಲಿ ಸೇರಿಸಿರುತ್ತಾರೆ. ಆ ಕನೆಕ್ಟರ್ ಯಾವ ಮದರ್‌ಬೋರ್ಡಿಗೂ ಕೂರುವುದಿಲ್ಲ, ಬೇರೆ ತಯಾರಕರ ಹಬ್ಬಿಗೆ ಕೂತರೂ ಪಿನ್ನುಗಳ ಕ್ರಮ ಒಂದೇ ಆಗಿರುತ್ತದೆಂಬ ಭರವಸೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಅನೇಕ ಕಟ್ಟುಗಳಲ್ಲಿ ಹಬ್ಬಿಗೆ ಬೋರ್ಡಿನ ಸಂಪರ್ಕವೇ ಇರುವುದಿಲ್ಲ. ಪ್ರೊಸೆಸರ್ ತಣ್ಣಗಿದ್ದರೂ ಬಿಸಿಯಾದರೂ ಫ್ಯಾನುಗಳು ಒಂದೇ ವೇಗದಲ್ಲಿ ಸದ್ದು ಮಾಡುತ್ತಲೇ ಇರುತ್ತವೆ.

ನಾನು ಮೊದಲು ತಂದ ಕಟ್ಟು ಇದೇ ಜಾತಿಯದು. ಹಬ್ ಕೆಟ್ಟ ದಿನ ಫ್ಯಾನುಗಳು ಸರಿಯಾಗಿದ್ದರೂ ಒಟ್ಟಿಗೆ ನಿಂತುಹೋದವು, ಹೊಂದುವ ಹಬ್ ಮಾತ್ರ ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ಹೊಸಜೋಡಣೆ ಅವರು ನೋಡಿಟ್ಟಿರುವ ಕಟ್ಟಿನಲ್ಲಿ ನಾಲ್ಕು ಪಿನ್ ಮತ್ತು ಮೂರು ಪಿನ್ ಬೇರೆ ಬೇರೆಯಾಗಿವೆ ಎಂಬುದೇ ಅದರ ದೊಡ್ಡ ಗುಣ. ಹಬ್ ಕೆಟ್ಟರೆ ಇನ್ನೊಂದು ಹಬ್ ತರಬಹುದು, ಫ್ಯಾನ್ ಕೆಟ್ಟರೆ ಇನ್ನೊಂದು ಫ್ಯಾನ್ ತರಬಹುದು.

ಲೆಕ್ಕಾಚಾರ:
ಫ್ಯಾನಿನ ಮಟ್ಟಿಗೆ ಹಬ್ ಅಗತ್ಯವೇ ಎಂದು ಕೇಳುತ್ತೇನೆ. ಬಹುತೇಕ ಬೋರ್ಡುಗಳಲ್ಲಿ ಒಂದು ಫ್ಯಾನ್ ಹೆಡರ್ 1 ಆಂಪಿಯರ್, ಅಂದರೆ 12 ವಾಟ್ ಕೊಡಬಲ್ಲದು. 0.18 ಆಂಪಿಯರಿನ ಮೂರು ಫ್ಯಾನುಗಳಿಗೆ ಬೇಕಾಗಿರುವುದು 0.54 ಆಂಪಿಯರ್, ನಾಲ್ಕನೆಯದನ್ನು ಸೇರಿಸಿದರೂ 0.72. ಒಂದು ಸರಳ ಕವಲು ಕೇಬಲ್ಲಿನಲ್ಲಿ ಕೆಲಸ ಮುಗಿಯುತ್ತದೆ. ಸುಮ್ಮನೆ ಇನ್ನೊಂದು ಡಬ್ಬಿಯನ್ನು ಕ್ಯಾಬಿನೆಟ್ಟಿನೊಳಗೆ ತುರುಕುವುದೇಕೆ?

ಹಬ್ಬುಹಬ್ಬು:
ಫ್ಯಾನಿನ ಮಟ್ಟಿಗೆ ನಿಮ್ಮ ಲೆಕ್ಕ ಸರಿ. ಆದರೆ ಅವರ ಬೋರ್ಡಿನಲ್ಲಿ ದೀಪಕ್ಕೆ ಡೇಟಾ ಕೊಡುವವರೇ ಇಲ್ಲವಲ್ಲ. ದೀಪಕ್ಕಾಗಿ ಹೇಗೂ ಕಂಟ್ರೋಲರ್ ಬೇಕು. ಎರಡೂ ಇರುವ ಹಬ್ ತಂದರೆ ತಂತಿಗಳು ಒಂದೇ ಕಡೆ ಸೇರುತ್ತವೆ.

ಐದುವೋಲ್ಟ್:
ದೀಪದ ಲೆಕ್ಕವನ್ನೂ ಮಾಡಿಬಿಡೋಣ, 5 ವೋಲ್ಟಿನ ಹೆಡರ್ ಇರುವ ಬೋರ್ಡ್ ಕೊಳ್ಳುವ ಉಳಿದವರಿಗೆ ಉಪಯೋಗವಾಗುತ್ತದೆ. ಬೋರ್ಡಿನ ಎಆರ್‌ಜಿಬಿ ಹೆಡರಿಗೆ ಸಾಮಾನ್ಯವಾಗಿ 3 ಆಂಪಿಯರ್, ಅಂದರೆ 15 ವಾಟ್ ಮಿತಿ ಇರುತ್ತದೆ. ಒಂದು ಎಲ್‌ಇಡಿಯಲ್ಲಿ ಮೂರೂ ಬಣ್ಣಗಳು ಪೂರ್ತಿ ಉರಿದು ಬಿಳಿ ಬೆಳಕು ಬಂದಾಗ ಅದು ಹೆಚ್ಚೆಂದರೆ 60 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಫ್ಯಾನಿಗೆ 16 ಎಲ್‌ಇಡಿಯಂತೆ ಮೂರು ಫ್ಯಾನುಗಳಿಗೆ 48, ಒಟ್ಟು 2.88 ಆಂಪಿಯರ್. ಮಿತಿಯ ಒಳಗೇ ಇದೆ, ಆದರೆ ಅಂಚಿನಲ್ಲಿದೆ. ನಿಜವಾದ ಬಳಕೆಯಲ್ಲಿ ಇದಕ್ಕಿಂತ ಬಹಳ ಕಡಿಮೆ ಬೇಕಾಗುತ್ತದೆ, ತಯಾರಕರು ಫ್ಯಾನಿನ ವಿವರಗಳಲ್ಲಿ ದೀಪದ ಆಂಪಿಯರನ್ನೂ ಕೊಟ್ಟಿರುತ್ತಾರೆ. ಆರೇಳು ಫ್ಯಾನುಗಳನ್ನು ಒಂದೇ ಹೆಡರಿಗೆ ನೇತುಹಾಕುವವರು ಮಾತ್ರ ಎಸ್‌ಎಂಪಿಎಸ್‌ನಿಂದ ವಿದ್ಯುತ್ ಪಡೆಯುವ ಹಬ್ಬನ್ನು ಬಳಸಲೇಬೇಕು.

ಕಪ್ಪುಫ್ಯಾನ್:
ಬಜೆಟ್ ಬಿಗಿಯಾಗಿರುವಾಗ ದೀಪವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದೇ ಹಣಕ್ಕೆ ದೀಪವಿಲ್ಲದ, ಒಳ್ಳೆಯ ಬೇರಿಂಗ್ ಇರುವ ಎರಡು ಫ್ಯಾನುಗಳು ಬರುತ್ತವೆ. ಅಗ್ಗದ ದೀಪದ ಫ್ಯಾನುಗಳಲ್ಲಿ ಹೆಚ್ಚಿನವು ಸ್ಲೀವ್ ಬೇರಿಂಗಿನವು, ಎಣ್ಣೆ ಆರುತ್ತ ಬಂದ ಹಾಗೆ ಗರಗರ ಎನ್ನಲು ಶುರುಮಾಡುತ್ತವೆ. ಗಾಳಿ ತರುವುದು ಫ್ಯಾನಿನ ಕೆಲಸ, ಬೆಳಕು ಕೊಡುವುದಲ್ಲ.

ಮಂದಬೆಳಕು:
ಕಪ್ಪುಫ್ಯಾನ್ ಅವರೇ, ಬೇರಿಂಗಿನ ಮಾತು ನಿಜ. ಆದರೆ ತಾನೇ ಕೈಯಾರೆ ಜೋಡಿಸಿದ ಮೊದಲ ಯಂತ್ರ ನೋಡಲು ಚೆನ್ನಾಗಿರಲಿ ಎಂದು ಬಯಸುವುದು ತಪ್ಪಲ್ಲ. ಗಾಜಿನ ಹಿಂದೆ ಅದು ಹೇಗೆ ಕಾಣುತ್ತದೆ ಎಂಬುದು ದಿನವೂ ಅದರ ಮುಂದೆ ಕೂರುವವರಿಗೆ ಸಂತೋಷ ಕೊಡುವ ಸಂಗತಿ. ಅವರು ಕೇಳಿದ್ದು ಹೊಂದಾಣಿಕೆಯ ಬಗ್ಗೆ, ದೀಪ ಬೇಕೇ ಬೇಡವೇ ಎಂದಲ್ಲ.

ಸದ್ದಿಲ್ಲದಪೆಟ್ಟಿಗೆ:
ಇಬ್ಬರ ಮಾತಿಗೂ ನಡುವೆ ಒಂದು ದಾರಿ ಇದೆ. ದೀಪದ ಫ್ಯಾನನ್ನೇ ಕೊಳ್ಳಲಿ, ಆದರೆ ಪಿಡಬ್ಲ್ಯೂಎಂ ಇರುವ, ಹೈಡ್ರಾಲಿಕ್ ಅಥವಾ ಫ್ಲೂಯಿಡ್ ಡೈನಮಿಕ್ ಬೇರಿಂಗ್ ಎಂದು ನಮೂದಿಸಿರುವ ಫ್ಯಾನನ್ನು ಆರಿಸಲಿ. ವೇಗವನ್ನು ತಗ್ಗಿಸುವ ಸೌಲಭ್ಯ ಎಷ್ಟು ಮುಖ್ಯ ಎಂಬುದಕ್ಕೆ ಫ್ಯಾನುಗಳ ಸಾಮಾನ್ಯ ನಿಯಮವನ್ನು ನೋಡಿ: ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯ ಪ್ರಮಾಣ ಅರ್ಧವಾಗುತ್ತದೆ, ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಬರುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. 65 ವಾಟ್ ವರ್ಗದ ಪ್ರೊಸೆಸರಿಗೆ, ಅದೂ ಗ್ರಾಫಿಕ್ಸ್ ಕಾರ್ಡ್ ಇಲ್ಲದಿರುವಾಗ, ಮುಂದಿನ ಮೂರು ಫ್ಯಾನುಗಳು ಪೂರ್ತಿ ವೇಗದಲ್ಲಿ ತಿರುಗುವ ಅಗತ್ಯವೇ ಬೀಳುವುದಿಲ್ಲ. ಬಯಾಸ್‌ನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗುಗಳ ಪರದೆ) ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬುದನ್ನು ಹೊಂದಿಸಿಕೊಳ್ಳಿ, ಸಾಮಾನ್ಯ ಕೆಲಸದ ಹೊತ್ತಿನಲ್ಲಿ ನಿಧಾನವಾಗಿ ತಿರುಗಲಿ.

ಹಿಂದಿನ ಸಾದಾ ಫ್ಯಾನ್ ಮೂರು ಪಿನ್ನಿನದಾಗಿದ್ದರೆ ಒಂದು ಸೂಕ್ಷ್ಮವಿದೆ. ಮೂರು ಪಿನ್ನಿನ ಫ್ಯಾನ್ ನಾಲ್ಕು ಪಿನ್ನಿನ ಹೆಡರಿಗೆ ಕೂರುತ್ತದೆ, ಕನೆಕ್ಟರಿನ ಬದಿಯ ಗೀರುಗಳು ಅದನ್ನು ಸರಿಯಾದ ಜಾಗಕ್ಕೇ ಇಳಿಸುತ್ತವೆ. ಆದರೆ ಅದರ ವೇಗವನ್ನು ವೋಲ್ಟೇಜ್ ಇಳಿಸಿಯೇ ತಗ್ಗಿಸಬೇಕು. ಪಿಡಬ್ಲ್ಯೂಎಂ ಹಬ್ಬಿಗೆ ಹಾಕಿದರೆ ಪೂರ್ತಿ 12 ವೋಲ್ಟ್ ಸಿಗುವುದರಿಂದ ಅದು ಸದಾ ಗರಿಷ್ಠ ವೇಗದಲ್ಲೇ ಇರುತ್ತದೆ.

ಹೊಸಜೋಡಣೆ:
ಹಿಂದಿನದು ಮೂರು ಪಿನ್ನಿನದೇ. ಹಾಗಾದರೆ ಅದನ್ನು ಎಲ್ಲಿಗೆ ಹಾಕಲಿ? ಬೋರ್ಡಿನ ಒಂದೇ ಹೆಡರನ್ನು ಹಬ್ ಹಿಡಿದುಕೊಳ್ಳುತ್ತದೆ.

ಲೆಕ್ಕಾಚಾರ:
ಹಿಂದಿನ ಫ್ಯಾನನ್ನು ಬೋರ್ಡಿನ ಕ್ಯಾಬಿನೆಟ್ ಫ್ಯಾನ್ ಹೆಡರಿಗೆ ಹಾಕಿ, ಬಯಾಸ್‌ನಲ್ಲಿ ಆ ಹೆಡರನ್ನು ಡಿಸಿ ಮೋಡಿಗೆ (ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ಬಗೆ) ಬದಲಿಸಿ. ಹಬ್ಬಿನ ತಂತಿಯನ್ನು, ಪ್ರೊಸೆಸರ್ ಫ್ಯಾನಿನ ಜೊತೆಗೆ ಎರಡು ಕವಲಿನ ಪಿಡಬ್ಲ್ಯೂಎಂ ಕೇಬಲ್ ಬಳಸಿ, ಪ್ರೊಸೆಸರ್ ಹೆಡರಿಗೇ ಕೊಡಿ. ಹಬ್ ಅಲ್ಲಿಂದ ಸಂಕೇತವನ್ನಷ್ಟೇ ತೆಗೆದುಕೊಳ್ಳುವುದರಿಂದ ಹೆಡರಿಗೆ ಭಾರವಾಗುವುದಿಲ್ಲ. ಮುಂದಿನ ಫ್ಯಾನುಗಳು ಪ್ರೊಸೆಸರಿನ ಬಿಸಿಗೆ ತಕ್ಕಂತೆ ಏರಿಳಿಯುತ್ತವೆ, ನಿಮ್ಮ ಯಂತ್ರಕ್ಕೆ ಸದ್ಯ ಬೇಕಾಗಿರುವುದೂ ಅಷ್ಟೇ. ಕವಲು ಕೇಬಲ್ಲಿನಲ್ಲಿ ಎಲ್ಲ ನಾಲ್ಕು ಪಿನ್ನುಗಳಿರುವ ತುದಿಯನ್ನು ಪ್ರೊಸೆಸರ್ ಫ್ಯಾನಿಗೇ ಕೊಡಿ. ಮೂರೇ ಪಿನ್ನುಗಳಿರುವ ತುದಿಯಲ್ಲಿ ವೇಗವನ್ನು ವರದಿ ಮಾಡುವ ಪಿನ್ ಇರುವುದಿಲ್ಲ. ಹೆಡರಿಗೆ ಒಂದು ಫ್ಯಾನಿನ ವರದಿ ಮಾತ್ರ ಹೋಗಬೇಕು, ಎರಡು ಹೋದರೆ ಬಯಾಸ್ ತಪ್ಪು ವೇಗ ತೋರಿಸುತ್ತದೆ.

ಜೋಡಿಚಾನೆಲ್:
ಚೆನ್ನಾದ ಪರಿಹಾರ. ಇದಕ್ಕೆ ನನ್ನದೂ ಒಪ್ಪಿಗೆ.

ನೀಲಿಸಾಕೆಟ್:
ನಾನು ಇಂಟೆಲ್ ಕಡೆಗೆ ಹೋಗುತ್ತಿದ್ದೇನೆ, ಎಚ್610 ಬೋರ್ಡುಗಳಲ್ಲೂ ಇದೇ ಪರಿಸ್ಥಿತಿಯೇ?

ತಂತಿಜಾಲ:
ಹೌದು, ಚಿಪ್‌ಸೆಟ್ಟಿಗೂ ದೀಪದ ಹೆಡರಿಗೂ ನೇರ ಸಂಬಂಧವಿಲ್ಲ. ಬೆಲೆ ಇಳಿಸಬೇಕಾದಾಗ ತಯಾರಕರು ಮೊದಲು ಕೈಬಿಡುವುದು ಇಂಥ ಹೆಡರುಗಳನ್ನೇ. ಹಾಗಾಗಿ ಎಚ್610 ಹೆಸರಿನಲ್ಲೇ 5 ವೋಲ್ಟಿನ ಹೆಡರ್ ಇರುವ ಬೋರ್ಡೂ ಇದೆ, ಇಲ್ಲದ ಬೋರ್ಡೂ ಇದೆ, ಎ520ಯಲ್ಲೂ ಹಾಗೆಯೇ. ಚಿಪ್‌ಸೆಟ್ಟಿನ ಹೆಸರು ನೋಡಿ ತೀರ್ಮಾನಿಸದೆ ಆ ಮಾದರಿಯ ಕೈಪಿಡಿಯನ್ನು ಇಳಿಸಿಕೊಂಡು ಬೋರ್ಡಿನ ನಕ್ಷೆ ಇರುವ ಪುಟವನ್ನು ನೋಡಿ. ತಯಾರಕರು ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಾರೆ. ಎಂಎಸ್‌ಐ ಬೋರ್ಡುಗಳಲ್ಲಿ 12 ವೋಲ್ಟಿನದಕ್ಕೆ ಜೆಆರ್‌ಜಿಬಿ ಎಂದೂ 5 ವೋಲ್ಟಿನದಕ್ಕೆ ಜೆರೇನ್‌ಬೋ ಎಂದೂ ಇರುತ್ತದೆ. ಗಿಗಾಬೈಟ್‌ನಲ್ಲಿ ಕ್ರಮವಾಗಿ ಎಲ್‌ಇಡಿ-ಸಿ ಮತ್ತು ಡಿ-ಎಲ್‌ಇಡಿ. ಹೆಸರಿನಲ್ಲಿ ಗೊಂದಲವಾದರೆ ಪಿನ್ನುಗಳ ಪಟ್ಟಿಯಲ್ಲಿ 5 ವೋಲ್ಟ್ ಮತ್ತು ಡೇಟಾ ಎಂಬ ಎರಡು ಪದಗಳನ್ನು ಹುಡುಕಿ.

ಬೋರ್ಡುಪ್ರಿಯ:
ನೀಲಿಸಾಕೆಟ್ ಅವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4 ರ್ಯಾಮಿನವು, ಡಿಡಿಆರ್5 ರ್ಯಾಮಿನವು ಎಂದು ಎರಡು ಬಗೆಗಳಿವೆ, ಒಂದರ ರ್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ಹೆಡರ್ ಹುಡುಕುವ ಭರದಲ್ಲಿ ಇದು ತಪ್ಪಿಹೋಗಬಾರದು.

ರಾತ್ರಿಪಾಳಿ:
ಸಾಫ್ಟ್‌ವೇರಿನ ಬಗ್ಗೆ ಯಾರೂ ಹೇಳಿಲ್ಲ. ಬೋರ್ಡಿನ ಹೆಡರಿಗೆ ದೀಪ ಕೊಟ್ಟರೆ ಬಣ್ಣ ಬದಲಿಸಲು ಆ ತಯಾರಕರ ಸಾಫ್ಟ್‌ವೇರ್ ಬೇಕಾಗುತ್ತದೆ: ಏಸಸ್‌ಗೆ ಆರ್ಮರಿ ಕ್ರೇಟ್, ಎಂಎಸ್‌ಐಗೆ ಮಿಸ್ಟಿಕ್ ಲೈಟ್, ಎಎಸ್‌ರಾಕ್‌ಗೆ ಪಾಲಿಕ್ರೋಮ್, ಹೀಗೆ. ಅವು ಹಿನ್ನೆಲೆಯಲ್ಲಿ ಸದಾ ಕೂತಿರುವುದು ಇಷ್ಟವಾಗದವರಿಗೆ ಓಪನ್‌ಆರ್‌ಜಿಬಿ ಎಂಬ ಮುಕ್ತ ತಂತ್ರಾಂಶ ಇದೆ, ಅದು ಲಿನಕ್ಸಿನಲ್ಲೂ ನಡೆಯುತ್ತದೆ. ಆದರೆ ನಿಮ್ಮ ಬೋರ್ಡ್ ಅದರ ಬೆಂಬಲಿತ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ವಿಂಡೋಸ್ 11ರಲ್ಲಿ 2023ರಿಂದ ದೀಪಗಳ ನಿಯಂತ್ರಣ ಒಳಗೇ ಬಂದಿದೆ, ಆದರೂ ಅದಕ್ಕೆ ಹೊಂದುವ ಸಾಧನಗಳು ಮಾತ್ರ ಅಲ್ಲಿ ಕಾಣಿಸಿಕೊಳ್ಳುತ್ತವೆ. ಗುಂಡಿಯ ಹಬ್ ತಂದವರಿಗೆ ಈ ಯಾವ ಚಿಂತೆಯೂ ಇಲ್ಲ, ಹಾಗೆಯೇ ಕಂಪ್ಯೂಟರಿನಿಂದ ಬಣ್ಣ ಆರಿಸುವ ಅನುಕೂಲವೂ ಇಲ್ಲ.

ಸದ್ದಿಲ್ಲದಪೆಟ್ಟಿಗೆ:
ಹಬ್ಬಿಗೆ ಸಾಟಾ ವಿದ್ಯುತ್ ಕೊಡುವಾಗ ಎಸ್‌ಎಂಪಿಎಸ್‌ನ ಸಾಟಾ ಕನೆಕ್ಟರನ್ನೇ ನೇರವಾಗಿ ಬಳಸಿ. ಮೋಲೆಕ್ಸಿನಿಂದ (ಹಳೆಯ ಬಗೆಯ ನಾಲ್ಕು ಪಿನ್ನಿನ ವಿದ್ಯುತ್ ಕನೆಕ್ಟರ್) ಸಾಟಾಕ್ಕೆ ತಿರುಗಿಸುವ ಕೇಬಲ್ಲುಗಳಲ್ಲಿ, ತಂತಿಗಳ ಸುತ್ತ ಪ್ಲಾಸ್ಟಿಕ್ಕನ್ನು ಎರಕ ಹೊಯ್ದು ಮುಚ್ಚಿದವು ಒಳಗೇ ಶಾರ್ಟ್ ಆಗಿ ಹೊತ್ತಿಕೊಂಡ ಪ್ರಕರಣಗಳಿವೆ. ಅನಿವಾರ್ಯವಾದರೆ, ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ ಹಿಂದಿನಿಂದ ಮುಚ್ಚಳ ಹಾಕಿರುವ ಬಗೆಯನ್ನು ಮಾತ್ರ ಆರಿಸಿ.

ಹೊಸಜೋಡಣೆ:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎ520 ಬೋರ್ಡನ್ನೇ ಇಟ್ಟುಕೊಳ್ಳುತ್ತೇನೆ, 8 ಜಿಬಿಯ ಎರಡು ರ್ಯಾಮುಗಳನ್ನೂ ಬಿಡುವುದಿಲ್ಲ. ಫ್ಯಾನುಗಳ ಜೊತೆಗೆ ಗುಂಡಿಯ ಕಂಟ್ರೋಲರ್ ಇರುವ, ಸಾಟಾ ವಿದ್ಯುತ್ತಿನ ಹಬ್ ಒಂದನ್ನು ಸೇರಿಸುತ್ತೇನೆ. ಇನ್ನೊಂದೇ ಸಂದೇಹ ಉಳಿದಿದೆ. ಮುಂದಿನ ಫ್ಯಾನುಗಳ ಯಾವ ಮುಖ ಹೊರಗಿರಬೇಕು?

ಮಂದಬೆಳಕು:
ಸಾಮಾನ್ಯ ಫ್ಯಾನಿನಲ್ಲಿ ಮೋಟಾರನ್ನು ಹಿಡಿದಿರುವ ಕಡ್ಡಿಗಳು ಇರುವ ಬದಿಯಿಂದ ಗಾಳಿ ಹೊರಬರುತ್ತದೆ, ತೆರೆದ ರೆಕ್ಕೆಗಳ ಬದಿಯಿಂದ ಒಳಹೋಗುತ್ತದೆ. ಆದ್ದರಿಂದ ಮುಂಭಾಗದಲ್ಲಿ ರೆಕ್ಕೆಯ ಮುಖ ಜಾಲರಿಯ ಕಡೆಗೆ, ಕಡ್ಡಿಯ ಮುಖ ಒಳಗೆ ಇರಬೇಕು. ದೀಪವೂ ಆಗ ಎದುರಿನಿಂದ ಚೆನ್ನಾಗಿ ಕಾಣುತ್ತದೆ. ಹಲವು ಫ್ಯಾನುಗಳ ಚೌಕಟ್ಟಿನ ಅಂಚಿನಲ್ಲಿ ಎರಡು ಪುಟ್ಟ ಬಾಣಗಳನ್ನು ಅಚ್ಚೊತ್ತಿರುತ್ತಾರೆ: ಒಂದು ರೆಕ್ಕೆ ತಿರುಗುವ ದಿಕ್ಕು, ಇನ್ನೊಂದು ಗಾಳಿ ಸಾಗುವ ದಿಕ್ಕು. ತಂತಿಗಳು ಹೊರಡುವ ಮೂಲೆಯನ್ನು ಬೋರ್ಡಿನ ಹಿಂಬದಿಯ ಕಡೆಗೆ ತಿರುಗಿಸಿ ಕೂರಿಸಿದರೆ ಗಾಜಿನ ಕಡೆಯಿಂದ ಒಂದು ತಂತಿಯೂ ಕಾಣುವುದಿಲ್ಲ. ಸ್ಕ್ರೂ ಬಿಗಿಯುವ ಮೊದಲೇ ಇದನ್ನು ನೋಡಿಕೊಳ್ಳಿ.

ಕಪ್ಪುಫ್ಯಾನ್:
ಹಿಂದಿನ ಫ್ಯಾನಿನ ಕಡ್ಡಿಯ ಮುಖ ಹೊರಗಿದೆಯೇ ಎಂದೂ ಒಮ್ಮೆ ನೋಡಿಬಿಡಿ. ಕೂಡಿಸಿಯೇ ಕೊಟ್ಟಿದ್ದಾರೆಂದು ಸರಿಯಾಗಿಯೇ ಕೂಡಿಸಿರುತ್ತಾರೆ ಎನ್ನುವ ಹಾಗಿಲ್ಲ.